ಎಡಭುಜದ ಹಿಂದಿನ ದನಿ

ನಮ್ಮ ಗಣಿತದ ಟೀಚರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಮಣ್ಣು ಮುಗಿದ ಮೇಲೆ. ಬ್ಯಾಡಗಿಯಿಂದ ಅವರ ತಮ್ಮ ಫೋನ್ ಮಾಡಿದ್ದರು. ಜ್ವರವೆಂದು ಹಾವೇರಿಯ ಆಸ್ಪತ್ರೆಗೆ ಸೇರಿಸಿದ್ದರಂತೆ, ಅಲ್ಲಿಂದ ಮನೆಗೆ ಬರಲಿಲ್ಲ. "ಯಾರಿಗೂ ಹೇಳಬ್ಯಾಡ ಅಂದಿದ್ರು. ಎಲ್ಲಾ ಮುಗದ ಮ್ಯಾಲ ನಿಮಗೊಬ್ಬರಿಗೆ ಹೇಳು ಅಂದಿದ್ರು. ಅದಕ್ಕ ಮಾಡಿದೆ" ಎಂದು ಹೇಳಿ ಅವರು ಫೋನ್ ಇಟ್ಟರು. ನಾನು ಆಗ ರಾಣೆಬೆನ್ನೂರಿನ ನಮ್ಮ ಮನೆಯ ಅಡುಗೆಮನೆಯಲ್ಲಿ ಕೊತ್ತಂಬರಿ ಸೊಪ್ಪು ಸೋಸುತ್ತಿದ್ದೆ. ಸೋಸಿ ಮುಗಿಸಿದೆ. ಆಮೇಲೆ ಕುಳಿತುಕೊಂಡೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸ್ಟಾಫ್ ರೂಮಿನ ಗೋಡೆಗೆ ನಿವೃತ್ತರ ಫೋಟೋ ಹಾಕುವಾಗಲೂ ತಮ್ಮದು ಬೇಡವೆಂದವರು ಅವರು. "ಗ್ವಾಡಿ ಮ್ಯಾಲಿದ್ದವರನ್ನ ಯಾರು ನೋಡ್ತಾರ? ಜೇಡ ನೋಡ್ತಾವು" ಎಂದಿದ್ದರು.

ಹಾವೇರಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವರು ಗಣಿತ ಕಲಿಸುತ್ತಿದ್ದರು, ನಾನು ಕನ್ನಡ. ಅವರಿಗಿಂತ ನಾನು ಬಹಳ ಚಿಕ್ಕವಳು. ಅವರು ಕೈವಾರ ಹಿಡಿದದ್ದನ್ನು ನಾನು ಕಂಡಿಲ್ಲ. ಬೋರ್ಡಿನ ಮೇಲೆ ಒಂದೇ ಸಲಕ್ಕೆ ಕೈಯಿಂದ ಸುತ್ತಿ, ಅದು ಸೊಟ್ಟಗಾಗಿದ್ದರೂ, "ಇದು ವರ್ತುಳ ಅಂತ ನಂಬ್ರಿ. ಮುಂದ ಹೋಗೂಣು" ಎನ್ನುತ್ತಿದ್ದರು. ಹುಡುಗಿಯರು ನಗುತ್ತಿದ್ದರು. "ನಗಬ್ಯಾಡ್ರಿ. ನೀವು ಮುಂದ ಇದಕ್ಕಿಂತ ಸೊಟ್ಟ ಇದ್ದದ್ದನ್ನ ನಂಬೂದೈತಿ" ಎಂದು ಅವರು ಮುಖ ಬಿಗಿದುಕೊಂಡೇ ಹೇಳುತ್ತಿದ್ದರು.

ಪರೀಕ್ಷೆಯ ಮೇಲ್ವಿಚಾರಣೆಗೆ ಕುಳಿತರೆ ಕಣ್ಣು ಮುಚ್ಚುತ್ತಿದ್ದರು. ಅವರು ನಿದ್ದೆಗೆ ಜಾರಿದರೆಂದು ಹೊಸದಾಗಿ ಬಂದ ಹುಡುಗಿಯರು ತಿಳಿಯುತ್ತಿದ್ದರು. "ಮೂರನೇ ಸಾಲಿನ ಅಗಡಿ ಊರಿನ ಹುಡುಗಿ, ಆ ಚೀಟಿ ನುಂಗಬ್ಯಾಡ, ಹೊಟ್ಟಿ ನೋಯ್ತದ. ತಂದು ಇಲ್ಲಿ ಇಡು" ಎಂದು ಕಣ್ಣು ತೆರೆಯದೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಉತ್ತರ ಬರೆಯುವ ಕಾಗದದ ಸದ್ದೇ ಬೇರೆ, ಮಡಿಚಿದ ಕಾಗದದ ಸದ್ದೇ ಬೇರೆ ಎನ್ನುತ್ತಿದ್ದರು. ಅವರ ಕಿವಿ ಹಾಗಿತ್ತು.

ಮದುವೆಯಾಗಿರಲಿಲ್ಲ. ವಯಸ್ಸಿನಲ್ಲಿದ್ದಾಗ ಅವರನ್ನು ನೋಡಲು ಬಂದವರ ಕಥೆಯನ್ನು ಅವರೇ ರೊಟ್ಟಿ ಬುತ್ತಿ ಬಿಚ್ಚಿ, ಕೆಂಪು ಖಾರ ಹಂಚುತ್ತ ಹೇಳುತ್ತಿದ್ದರು. ಗಂಡಿನ ಕಡೆಯವರು ಅವಲಕ್ಕಿ ತಿಂದು, ಚಹಾ ಕುಡಿದು, "ಏನರ ಕೇಳೂದಿದ್ರ ಕೇಳವಾ" ಎಂದು ದೊಡ್ಡ ಮನಸ್ಸು ಮಾಡಿದಾಗ, ಇವರು ಒಂದೇ ಪ್ರಶ್ನೆ ಕೇಳುತ್ತಿದ್ದರಂತೆ: "ನಿಮ್ಮ ಮನ್ಯಾಗ ಅಡಿಗಿ ಯಾವುದರ ಮ್ಯಾಲ ಮಾಡ್ತೀರಿ?"

"ಗ್ಯಾಸ್ ಅಂದವರಿಗೆ ಏನಂದ್ರಿ?"

"ಗ್ಯಾಸ್ ಮುಗದ ದಿನ ಯಾವುದರ ಮ್ಯಾಲ ಮಾಡ್ತೀರಿ ಅಂದೆ."

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅವರೂ ನಗುತ್ತಿದ್ದರು. ಅದು ನಗುವ ಮಾತಲ್ಲವೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ರೈಲಿನಲ್ಲಿ.

ನಾನು ರಾಣೆಬೆನ್ನೂರಿನಲ್ಲಿ ಪ್ಯಾಸೆಂಜರ್ ಹತ್ತುತ್ತಿದ್ದೆ. ಅವರು ಬ್ಯಾಡಗಿಯಲ್ಲಿ ಹತ್ತುತ್ತಿದ್ದರು. ಕಿಟಕಿಯ ಪಕ್ಕ ನನ್ನ ಚೀಲವಿಟ್ಟು ಅವರಿಗೆ ಜಾಗ ಹಿಡಿಯುತ್ತಿದ್ದೆ. ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಯಿಂದ ಹತ್ತಿದವರೆಲ್ಲ ಸೀರೆಯ ಸೆರಗಿನಲ್ಲಿ, ಅಂಗಿಯ ಮಡಿಕೆಯಲ್ಲಿ ಘಾಟು ಹೊತ್ತು ತರುತ್ತಿದ್ದರು. ಇಡೀ ಡಬ್ಬಿ ಕೆಮ್ಮುತ್ತಿತ್ತು, ಅವರೊಬ್ಬರನ್ನು ಬಿಟ್ಟು.

ಒಂದು ಬೆಳಿಗ್ಗೆ ಮದುವೆಗೆ ಹೊರಟಿದ್ದ ಹೆಂಗಸರ ಗುಂಪೊಂದು ನಮ್ಮ ಡಬ್ಬಿಯಲ್ಲಿತ್ತು. ಅವರು ಹಾಡಲು ಶುರು ಮಾಡಿದರು. ಅದು ಈ ಭಾಗದಲ್ಲಿ ಎಲ್ಲರಿಗೂ ಗೊತ್ತಿರುವ ಹಾಡು, ತವರಿನ ದಾರಿ ಕೇಳುವ ಮಗಳ ಬೀಸುವ ಪದ. ಅದರ ಕ್ಯಾಸೆಟ್ ನಾನು ಹುಡುಗಿಯಾಗಿದ್ದಾಗಲೇ ಹಳೆಯದು. ಹಂದರದಲ್ಲಿ, ಗಿರಣಿಯಲ್ಲಿ, ಬಸ್ಸಿನಲ್ಲಿ ಕೇಳಿ ಕೇಳಿ ಜನ ಅದು ಕ್ಯಾಸೆಟ್ಟಿನದೆನ್ನುವುದನ್ನೇ ಮರೆತಿದ್ದರು. ಟೀಚರು ಕಿಟಕಿಯ ಹೊರಗೆ ನೋಡುತ್ತಿದ್ದರು. ಸೊಲ್ಲು, ಎಂದರೆ ಪಲ್ಲವಿ, ತಿರುಗಿ ಬರುವ ಜಾಗದಲ್ಲಿ ಆ ಹೆಂಗಸರ ಬಾಯಿಗಿಂತ ಮೊದಲು ಇವರ ತುಟಿ ಅಲುಗಿದ್ದನ್ನು ನಾನು ಕಂಡೆ.

"ನಿಮಗ ಈ ಹಾಡು ಬರ್ತದೇನ್ರಿ ಟೀಚರ್?"

"ಇದರೊಳಗ ನಾ ಅದೇನಿ" ಎಂದರು.

ಹಾವೇರಿ ಬರುವ ತನಕ ಹೇಳಿದರು. ಅವರು ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ಸಂಗೀತದ ಮಾಸ್ತರರೊಬ್ಬರು ಬ್ಯಾಡಗಿಯ ನಾಲ್ಕು ಹುಡುಗಿಯರನ್ನು ಆರಿಸಿ, ಈ ಕ್ಯಾಸೆಟ್ಟಿಗೆ ಹಾಡಿಸಲು ಮದ್ರಾಸಿಗೆ ಕರೆದುಕೊಂಡು ಹೋಗಿದ್ದರು. ಮುಂದೆ ನಿಂತು ಹಾಡುವವರು ದೊಡ್ಡ ಗಾಯಕಿ. ಇವರದು ಹಿಂದೆ ಸೊಲ್ಲು ಎತ್ತುವ ಕೆಲಸ. ನಾಲ್ವರಲ್ಲಿ ಇವರೂ ಇವರ ಅಕ್ಕನೂ ಇದ್ದರು. ಅಕ್ಕ ಮದ್ರಾಸಿನಲ್ಲಿ ಸಮುದ್ರ ನೋಡಿ, "ನಮ್ಮೂರ ಕೆರಿ ಎದಕ್ಕ ಬೇಕಿನ್ನ?" ಎಂದಿದ್ದಳಂತೆ. ಲಿಫ್ಟಿನಲ್ಲಿ ಸುಮ್ಮನೆ ಮೇಲೆ ಹೋಗಿ ಕೆಳಗೆ ಬಂದಳಂತೆ, ಕಾವಲುಗಾರ ಬೈಯುವ ತನಕ. ಹಾಡುವಾಗ ಅವಳಿಗೊಂದು ಚಾಳಿ ಇತ್ತು. ಉಳಿದವರಿಗಿಂತ ಒಂದು ಎಳೆ ಮೊದಲೇ ಎತ್ತಿಬಿಡುತ್ತಿದ್ದಳು. ತಾಳಕ್ಕೆ ಕಾಯುವ ತಾಳ್ಮೆ ಇರಲಿಲ್ಲ. ಮಾಸ್ತರರು ಸ್ಟುಡಿಯೋದ ಗಾಜಿನ ಆಚೆಯಿಂದ ಕಣ್ಣು ಬಿಡುತ್ತಿದ್ದರು, ಅವಳು ನಗುತ್ತಿದ್ದಳು.

ಕ್ಯಾಸೆಟ್ ಹೊರಬರುವ ಹೊತ್ತಿಗೆ ಅಕ್ಕನ ಮದುವೆ ರಾಣೆಬೆನ್ನೂರಿನ ಬೀಜದ ವ್ಯಾಪಾರದ ಮನೆತನದಲ್ಲಿ ಆಗಿತ್ತು. ಎರಡನೆಯ ಶ್ರಾವಣಕ್ಕೆ ಸುದ್ದಿ ಬಂತು. ಅಡುಗೆ ಮಾಡುವಾಗ ಸ್ಟೋ ಸಿಡಿದು ಸುಟ್ಟುಕೊಂಡಳು ಎಂದು.

"ಸ್ಟೋ ನೋಡಿದೆ ನಾ" ಎಂದರು ಟೀಚರು. "ಹಿತ್ತಲದಾಗ ಇಟ್ಟಿದ್ರು. ಪಂಪು, ಬರ್ನರು, ಕಾಲು, ಎಲ್ಲಾ ನೆಟ್ಟಗಿತ್ತು. ನಮ್ಮಪ್ಪಗ ತೋರಿಸಿದೆ. ನಮ್ಮಪ್ಪ ನನ್ನ ಕೈ ಹಿಡದು ಜಗ್ಗಿಕೊಂಡು ಹೊರಗ ಬಂದ. ಇನ್ನೊಬ್ಬ ಮಗಳ ಲಗ್ನಾ ಆಗಬೇಕಲ್ಲ, ಕೋರ್ಟು ಕಚೇರಿ ಅಂತ ಅಡ್ಡಾಡಿದ್ರ ಯಾರು ಬರ್ತಾರ ಅಂದ. ಆ ಇನ್ನೊಬ್ಬ ಮಗಳು ನಾನ."

ರೈಲು ನಿಂತಿತು. ಅವರು ಎದ್ದು ಸೀರೆಯ ನಿರಿಗೆ ಸರಿ ಮಾಡಿಕೊಂಡು, "ಲಗೂ ಇಳಿ. ಪ್ರಾರ್ಥನಾ ಗಂಟಿ ಹೊಡದಿರ್ತದ" ಎಂದರು.

ಆಗ ನನಗೆ ಇನ್ನೊಂದು ವಿಷಯವೂ ತಿಳಿಯಿತು. ನಾವು ರಾಣೆಬೆನ್ನೂರಿನಲ್ಲಿ ಮನೆ ಕಟ್ಟಿಸಿದಾಗ ವಾಸ್ತುಶಾಂತಿಗೆ ಎಷ್ಟು ಕರೆದರೂ ಅವರು ಬಂದಿರಲಿಲ್ಲ. ನನ್ನ ಗಂಡ, "ನಿಮ್ಮ ಟೀಚರಿಗೆ ಭಾಳ ಸೊಕ್ಕು ಐತಿ ಬಿಡು" ಎಂದಿದ್ದರು. ಸೊಕ್ಕಲ್ಲ. ಅಕ್ಕ ಸತ್ತ ಮೇಲೆ ಅವರು ರಾಣೆಬೆನ್ನೂರಿನಲ್ಲಿ ಕಾಲಿಟ್ಟಿರಲಿಲ್ಲ. ರೈಲು ಆ ಊರು ದಾಟಿ ಹೋಗಬೇಕಾದ ಪ್ರಯಾಣಗಳನ್ನೇ ಬಿಟ್ಟುಬಿಟ್ಟಿದ್ದರು.

ಮನೆಯಲ್ಲಿ ಅಕ್ಕನದೆಂದು ಉಳಿದದ್ದು ಮದುವೆಯ ಗುಂಪು ಫೋಟೋ ಒಂದೇ. ಅದರಲ್ಲೂ ಬಾಸಿಂಗದ ನೆರಳಿನಲ್ಲಿ ಮುಖ ಅರ್ಧ. ದನಿಯೇನೋ ಊರೂರಿನ ಮೈಕಿನಲ್ಲಿತ್ತು, ಆದರೆ ನಾಲ್ಕು ದನಿ ಒಂದಾಗಿ ಹೋಗಿದ್ದವು. ಕ್ಯಾಸೆಟ್ ಹಾಕಿಕೊಂಡು ಕಿವಿಯನ್ನು ಸ್ಪೀಕರಿಗೆ ಒತ್ತಿ ಎಷ್ಟೋ ಸಲ ಹುಡುಕಿದ್ದರಂತೆ. "ಹಿಟ್ಟಿನಾಗ ಕಲಿಸಿದ ಉಪ್ಪು ಇದ್ದಂಗ. ಐತಿ ಅಂತ ಗೊತ್ತು. ತಗದು ತೋರಸಾಕ ಬರಂಗಿಲ್ಲ."

ಅವರು ನಿವೃತ್ತರಾದಾಗ ಶಾಲೆಯಲ್ಲಿ ಏಲಕ್ಕಿ ಹಾರ ಹಾಕಿದೆವು. ಉಡುಗೊರೆ ಏನು ಕೊಡುವುದೆಂಬ ಮಾತು ಬಂದಾಗ ಎಲ್ಲರೂ ಗಡಿಯಾರ ಎಂದರು. ನಾನು ಹೆಡ್‌ಫೋನ್ ಎಂದೆ. ರೈಲಿನಲ್ಲಿ ಅವರು ಹರಿದ ವೈರಿಗೆ ಪ್ಲಾಸ್ಟರ್ ಸುತ್ತಿದ ಇಯರ್‌ಫೋನಿನಲ್ಲಿ ಹಾಡು ಕೇಳುವುದನ್ನು ನೋಡಿದ್ದೆ. ಕಿವಿಯನ್ನು ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನನ್ನೇ ತಂದೆವು. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಎತ್ತಿಗೆ ಹಾಕೂ ನೊಗಾ ಇದ್ದಂಗೈತಿ" ಎಂದರು.

ಅದು ಅವರಿಗೆ ಹೊಸ ಲೋಕವನ್ನೇ ತೆರೆಯಿತು. ಹಳೆಯ ಧ್ವನಿಮುದ್ರಿಕೆಗಳನ್ನು ಈಗಿನವರು ಬಿಡಿಸಿ, ಒಂದೊಂದು ವಾದ್ಯವನ್ನೂ ಒಂದೊಂದು ದನಿಯನ್ನೂ ಬೇರೆ ಬೇರೆ ಜಾಗದಲ್ಲಿಟ್ಟು ಮತ್ತೆ ಕೂಡಿಸುತ್ತಾರಲ್ಲ, ಸುತ್ತಲಿನಿಂದಲೂ ಕೇಳುವ ಹಾಗೆ, ಅಂಥವುಗಳನ್ನು ಅವರು ಫೋನಿನಲ್ಲಿ ಹುಡುಕಿ ಹುಡುಕಿ ಕೇಳಿದರು. ಹಿಂದೂಸ್ತಾನಿ, ಗಜಲು, ಹಳೆಯ ಸಿನಿಮಾ ಹಾಡು, ಕೊನೆಗೆ ಇಂಗ್ಲಿಷಿನವರ ಗಿಟಾರು ಕೂಡ. ಫೋನ್ ಮಾಡಿ ವರದಿ ಕೊಡುತ್ತಿದ್ದರು. "ಇವತ್ತ ತಬಲಾದಾಂವ ನಮ್ಮ ಕಿಟಕಿ ಹತ್ರ ಕುಂತಿದ್ದ. ಸಾರಂಗಿಯಾಂವ ಜಗಲಿ ಮ್ಯಾಲ. ತಂಬೂರಿಯಾಕಿಗೆ ಎಲ್ಲೂ ಜಾಗಾ ಸಿಗಲಿಲ್ಲ ಅಂತ ಕಾಣ್ತದ, ಅಡಿಗಿಮನಿ ಬಾಗಲದಾಗ ಕುಂತಬಿಟ್ಟಾಳ. ದಾಟಿ ಹೋಗಿ ಚಾ ಮಾಡಾಕೂ ಆಗವಲ್ದು." ನಾನು ಅವರನ್ನು ಅಷ್ಟು ಸುಖವಾಗಿ ಕಂಡದ್ದು ಆ ಕೆಲವು ತಿಂಗಳು ಮಾತ್ರ.

ಆಮೇಲೆ ಆ ಬೀಸುವ ಪದದ ಕ್ಯಾಸೆಟ್ಟೂ ಹೊಸ ರೂಪದಲ್ಲಿ ಬಂತು.

"ಇವತ್ತ ಬಾ" ಎಂದು ಬೆಳಿಗ್ಗೆ ಫೋನ್. "ಏನಾತ್ರಿ ಟೀಚರ್?" ಎಂದೆ.

"ನಮ್ಮ ಅಕ್ಕ ಸಿಕ್ಕಾಳ."

ಹೋದೆ. ನಡುಮನೆಯಲ್ಲಿ ಒಂದು ಕುರ್ಚಿ ಹಾಕಿ ನನ್ನನ್ನು ಕೂರಿಸಿ, ನೊಗ ಹೊರಿಸಿದರು. ಮೊದಲು ಬೀಸುಕಲ್ಲಿನ ಸದ್ದು ಬಂತು. ಸ್ಟುಡಿಯೋಕ್ಕೆ ನಿಜವಾಗಿ ಕಲ್ಲನ್ನೇ ಹೊತ್ತುಕೊಂಡು ಹೋಗಿದ್ದರಂತೆ. ಅದು ನನ್ನ ಮೊಣಕಾಲಿನ ಮುಂದೆ, ನೆಲದ ಮೇಲೆ ತಿರುಗುತ್ತಿತ್ತು. ಗಾಯಕಿಯ ದನಿ ಎದುರಿಗೆ. ಏಕತಾರಿ ಸ್ವಲ್ಪ ಮೇಲೆ, ತೊಲೆಯ ಹತ್ತಿರ. ಸೊಲ್ಲು ಬರುವ ಹೊತ್ತಿಗೆ ಟೀಚರು ನನ್ನ ಎಡಭುಜದ ಹಿಂದೆ ಬಂದು ನಿಂತು, ಗಾಳಿಯಲ್ಲಿ ಒಂದು ಜಾಗವನ್ನು ಬೆರಳಿನಿಂದ ತೋರಿಸಿದರು.

ಅಲ್ಲಿ ಯಾರೋ ಉಸಿರೆಳೆದುಕೊಂಡರು.

ನಾನು ತಿರುಗಿ ನೋಡಿದೆ. ಅಷ್ಟು ಹತ್ತಿರವಿತ್ತು. ಟೀಚರಲ್ಲ. ಎಳೆಯ ಹುಡುಗಿಯ ಉಸಿರು. ಮರುಕ್ಷಣ ಒಂದು ದನಿ ಎತ್ತಿಕೊಂಡಿತು, ಉಳಿದ ಮೂರು ದನಿಗಿಂತ ಒಂದೆಳೆ ಮೊದಲು, ಅವಸರದಲ್ಲಿ, ಒಳಗೊಳಗೇ ನಗುತ್ತಿರುವ ಹಾಗೆ. ಕ್ಯಾಸೆಟ್ಟಿನಲ್ಲಿ ಇದನ್ನು ಸಾವಿರ ಸಲ ಕೇಳಿದ್ದೆ. ಸೊಲ್ಲಿನ ಶುರುವಿನಲ್ಲಿ ಏನೋ ಸ್ವಲ್ಪ ಮಸುಕಾಗಿದೆ ಅನ್ನಿಸುತ್ತಿತ್ತು, ಅಷ್ಟೆ. ಆ ಮಸುಕೇ ಅವಳು.

ಹಾಡು ಮುಗಿದು ನಾನು ಹೆಡ್‌ಫೋನ್ ತೆಗೆದಾಗ ಟೀಚರು ನೆಲದ ಮೇಲೆ ಕುಳಿತಿದ್ದರು. "ಬಲಗಡೆ ಇದ್ದಾಕಿ ನಾನು. ತಾಳಕ್ಕ ಸರಿಯಾಗಿ, ಮಾಸ್ತರು ಹೇಳಿದಂಗ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಅಕಿಗೆ ಏನೂ ಗೊತ್ತಿಲ್ಲ ನೋಡು. ಹಾಡಾಕತ್ತಾಳ. ಆಮ್ಯಾಲ ದೋಸಿ ತಿನ್ನಾಕ ಹೋಗೂದೈತಿ ಅಂತ ಅವಸರ ಅಕಿಗೆ. ಹೋಗಬ್ಯಾಡ, ಊರಿಗೆ ಹೋಗಬ್ಯಾಡ, ಇಲ್ಲೇ ಸಮುದ್ರದ ದಂಡಿ ಮ್ಯಾಲ ಇದ್ದುಬಿಡು ಅಂತ ಒದರತೀನಿ. ಕೇಳಸಂಗಿಲ್ಲ" ಎಂದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ದನಿ ಸಿಕ್ಕರೆ ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಬೇರೆ ಹಾಡು ಕೇಳುವುದನ್ನು ಬಿಟ್ಟರು. ತಬಲಾದವನೂ ಸಾರಂಗಿಯವನೂ ಆ ಮನೆಯಿಂದ ಎದ್ದು ಹೋದರು. ಬೆಳಗಿನಿಂದ ಸಂಜೆಯ ತನಕ ಅದೊಂದೇ ಪದ. ಪಕ್ಕದಲ್ಲೇ ಇದ್ದ ತಮ್ಮನ ಮನೆಯಿಂದ ಊಟಕ್ಕೆ ಕರೆದರೆ ಹೋಗುತ್ತಿರಲಿಲ್ಲ. ತಮ್ಮ ನನಗೆ ಫೋನ್ ಮಾಡಿ, "ನೀವರ ಹೇಳ್ರಿ, ಸತ್ತವರನ್ನ ಹಿಂಗ ಕಿವ್ಯಾಗ ಇಟ್ಕೊಂಡು ಕುಂದರಬಾರದು" ಎಂದರು. ಹೇಳಲು ಹೋದ ನನಗೆ ಟೀಚರು, "ನಾ ರಾಣೆಬೆನ್ನೂರಿಗೆ ಬರಾಕತ್ತೇನಿ" ಎಂದರು.

"ನಮ್ಮ ಮನಿಗೇನ್ರಿ?"

"ಇಲ್ಲ. ಅಂವಗ ಕೇಳಸಬೇಕು, ಅಕ್ಕನ ಗಂಡಗ."

ಅವರು ಬಂದ ದಿನ ನಾನೇ ಸ್ಟೇಷನ್ನಿನಿಂದ ಆಟೋದಲ್ಲಿ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವರು ಹೆಡ್‌ಫೋನನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಮುಚ್ಚಿದ್ದರು.

ಬೀಜದ ಅಂಗಡಿ ದೊಡ್ಡದಾಗಿತ್ತು. ಕೌಂಟರಿನಲ್ಲಿ ಮಗ ಇದ್ದ, ಎರಡನೆಯ ಹೆಂಡತಿಯ ಮಗ. ಒಳಗೆ ಕುರ್ಚಿಯ ಮೇಲೆ ಮುದುಕರು ಕುಳಿತಿದ್ದರು. ಬಿಳಿ ಧೋತರ, ಹಣೆಯ ಮೇಲೆ ವಿಭೂತಿ, ಮುಖದ ತುಂಬ ಸಂಪನ್ನತೆ. ನಾವು ಯಾರೆಂದು ತಿಳಿಯದೆ, "ಬರ್ರಿ, ಕುಂದರ್ರಿ. ಫ್ಯಾನ್ ಹಚ್ಚೋ" ಎಂದರು. ಚಹಾ ತರಿಸಿದರು.

"ಒಂದು ಹಾಡು ಕೇಳ್ತೀರೇನ್ರಿ ಸಾವಕಾರ್ರ?" ಎಂದರು ಟೀಚರು. ಅವರ ದನಿ ತರಗತಿಯಲ್ಲಿದ್ದ ಹಾಗೆಯೇ ಇತ್ತು.

ಯಾವುದೋ ಕಂಪನಿಯವರು, ಹೆಡ್‌ಫೋನ್ ಮಾರಲು ಬಂದಿದ್ದಾರೆ ಎಂದುಕೊಂಡರೋ ಏನೋ, ಮುದುಕರು ನಕ್ಕು ತಲೆ ಬಾಗಿಸಿದರು. ಟೀಚರು ತಾವೇ ಅವರ ಕಿವಿಗೆ ಹಾಕಿ, ಅವರ ಎಡಭುಜದ ಹಿಂದೆ ನಿಂತರು. ನಾನು ಎದುರಿಗೆ ಕುಳಿತು ಮುದುಕರ ಮುಖ ನೋಡುತ್ತಿದ್ದೆ. ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕಿದರು. ಸೊಲ್ಲು ಬಂದದ್ದು ನನಗೆ ಅವರ ಬೆರಳಿನಿಂದ ಗೊತ್ತಾಯಿತು. ಆ ಉಸಿರು ಅವರ ಹೆಗಲ ಹಿಂದೆಯೇ ಬಂದಿರಬೇಕು. ಬೆರಳು ತಪ್ಪಲಿಲ್ಲ.

"ಭಾಳ ಚಲೋ ಐತ್ರಿ" ಎಂದು ತೆಗೆದು ಕೊಟ್ಟರು. "ನಮ್ಮ ಸುತ್ತಲೇ ಕುಂತು ಹಾಡಿದಂಗ ಆತು. ಯಾರ್ರಿ ಹಾಡಿದವರು?"

"ಹಿಂದ ಎಡಕ್ಕ ಒಬ್ಬಾಕಿ ಹಾಡಾಕತ್ತಿದ್ಲು, ಕೇಳಿಸ್ತೇನ್ರಿ?"

"ಹೌದ್ರಿ, ಹೌದ್ರಿ. ಸಣ್ಣ ಹುಡುಗಿ."

"ಅಕಿ ನಮ್ಮ ಅಕ್ಕ. ನಿಮ್ಮ ಮನೀಗೆ ಕೊಟ್ಟಿತ್ತು."

ಮುದುಕರು ಅವರನ್ನು ನೋಡಿದರು. ಹೊಳೆಯಲು ಹೊತ್ತು ಹಿಡಿಯಿತು. ಹೊಳೆದ ಮೇಲೂ ಮುಖದಲ್ಲಿ ಭಯ ಬರಲಿಲ್ಲ, ಸಿಟ್ಟು ಬರಲಿಲ್ಲ. ಮರೆತ ಊರಿನ ಹೆಸರನ್ನು ಯಾರೋ ನೆನಪು ಮಾಡಿದ ಹಾಗೆ ಆಶ್ಚರ್ಯವಷ್ಟೇ.

"ಅಕಿ ಹಾಡ್ತಿದ್ಲೇನ್ರಿ?" ಎಂದರು. "ನಮ್ಮ ಮನ್ಯಾಗ ಒಂದಿನಾನೂ ಹಾಡಿಲ್ಲ."

ಆಮೇಲೆ ತಲೆಯಾಡಿಸಿ ಹೇಳಿದರು: "ಅವಾಗಿನ ಸ್ಟೋ ಹಂಗ ಇದ್ದವು ನೋಡ್ರಿ. ಭಾಳ ಕೆಟ್ಟ ಸ್ಟೋ. ಚಾ ತಗೋರಿ, ಆರ್ತದ."

ಟೀಚರು ಹೆಡ್‌ಫೋನನ್ನು ಚೀಲದಲ್ಲಿಟ್ಟುಕೊಂಡು ಹೊರಗೆ ನಡೆದರು. ನನ್ನ ಮನೆ ಅಲ್ಲಿಂದ ಹತ್ತಿರವಿತ್ತು. ಕರೆದೆ. ಬರಲಿಲ್ಲ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತರು. ಮಧ್ಯಾಹ್ನದ ಬಿಸಿಲಿನಲ್ಲಿ ಹಳಿಗಳು ಕಣ್ಣಿಗೆ ಚುಚ್ಚುತ್ತಿದ್ದವು.

"ಇಷ್ಟು ವರ್ಷ ಅಂವ ಇಲ್ಲಿ ಕುಂತು ಒಳಗೊಳಗ ಬೇಯಾಕತ್ತಾನ ಅಂತ ತಿಳಕೊಂಡಿದ್ದೆ. ಅದಕ್ಕ ಈ ಊರಿಗೆ ಬರ್ಲಿಲ್ಲ. ಬೇಯಲಿ, ನಾ ಯಾಕ ಹೋಗಿ ನೋಡ್ಲಿ ಅಂತ" ಎಂದರು. "ಏನೂ ಇಲ್ಲವಾ. ಅಂವ ಅಕೀನ್ನ ಎರಡನೇ ಸಲ ಕೊಂದದ್ದೂ ಅಲ್ಲ. ಅಕಿ ಬಂದಿದ್ಲು ಅನ್ನೂದ ಅಂವಗ ನೆನಪಿಲ್ಲ."

"ದೇವರು ನೋಡ್ತಾನ್ರಿ ಟೀಚರ್" ಎಂದೆ. ಏನಾದರೂ ಹೇಳಬೇಕಲ್ಲ ಎಂದು ಹೇಳಿದೆ.

"ದೇವರೂ ಚಾ ಕುಡಿದು ಹೋಗ್ಯಾನ" ಎಂದರು.

ಅದಾದ ಮೇಲೆ ಬಂದ ಚಳಿಗಾಲದಲ್ಲಿ ಒಂದು ಮುಂಜಾನೆ ಅವರು ಎದ್ದಾಗ ಎಡಗಿವಿ ಕೇಳುತ್ತಿರಲಿಲ್ಲ. ನೋವಿಲ್ಲ, ಸೋರಿಕೆಯಿಲ್ಲ, ರಾತ್ರಿ ಮಲಗುವಾಗ ಇದ್ದದ್ದು ಬೆಳಿಗ್ಗೆ ಇಲ್ಲ. ಹುಬ್ಬಳ್ಳಿಯ ಡಾಕ್ಟರು ನರ ಸೋತಿದೆ ಎಂದರು. ಇಂಜೆಕ್ಷನ್ ಕೊಟ್ಟರು, ಮಾತ್ರೆ ಕೊಟ್ಟರು. ಕಿವಿ ಮರಳಲಿಲ್ಲ. ಬಲಗಿವಿಯೂ ಅದೇ ದಾರಿ ಹಿಡಿಯಬಹುದು, ಹೇಳಲಾಗುವುದಿಲ್ಲ ಎಂದರು.

ನಾನು ನೋಡಲು ಹೋದಾಗ ಅವರು ಕಿಟಕಿಯ ಹತ್ತಿರ ಹೆಡ್‌ಫೋನ್ ಹಾಕಿಕೊಂಡು ಕುಳಿತಿದ್ದರು. ಬಲಗಡೆಯದು ಎಡಕ್ಕೆ, ಎಡಗಡೆಯದು ಬಲಕ್ಕೆ ಬಂದಿತ್ತು. ಬಲಗಿವಿಯ ಹತ್ತಿರ ಬಾಗಿ ಹೇಳಿದೆ: "ಟೀಚರ್, ಉಲ್ಟಾ ಹಾಕೀರಿ."

"ಗೊತ್ತೈತಿ. ಅಕ್ಕ ಎಡಗಡೆ ಇದ್ಲಲ್ಲ. ಆ ಕಿವಿ ಹೋತು. ಅದಕ್ಕ ಅಕೀನ್ನ ಈ ಕಡೆ ಕರಕೊಂಡೆ."

"ಮತ್ತ ನೀವು?"

"ನಾ ಆ ಕಡೆ ಹೋದೆ" ಎಂದು ಸತ್ತ ಕಿವಿಯನ್ನು ತೋರಿಸಿದರು. "ನನ್ನ ದನಿ ಕೇಳಿ ಏನ ಮಾಡೂದೈತಿ? ದಿನಾ ಕೇಳಾಕತ್ತೇನಲ್ಲ, ಇಷ್ಟು ವರ್ಷ ಆತು."

ಆದರೆ ಒಂದೇ ಕಿವಿಯಿಂದ ಸುತ್ತಲಿನದು ಕೇಳುವುದಿಲ್ಲ. ಹಿಂದೆ, ಮುಂದೆ, ಹತ್ತಿರ, ದೂರ ಎನ್ನುವುದೆಲ್ಲ ಎರಡು ಕಿವಿ ಕೂಡಿ ಮಾಡುವ ಲೆಕ್ಕವೆಂದು ಅವರೇ ನನಗೆ ವಿವರಿಸಿದರು, ಬೋರ್ಡಿನ ಮುಂದೆ ನಿಂತ ಹಾಗೆ ಬೆರಳಿನಿಂದ ಗಾಳಿಯಲ್ಲಿ ಕೋನ ಬರೆದು. ಅಕ್ಕ ಈಗ ಭುಜದ ಹಿಂದೆ ನಿಂತಿರಲಿಲ್ಲ. ಕಿವಿಯೊಳಗೆ ಎಲ್ಲೋ ಸಿಕ್ಕಿಕೊಂಡಿದ್ದಳು. "ಬಾವ್ಯಾಗಿಂದ ಕರದಂಗ ಬರ್ತದ. ಬರ್ತದಲ್ಲ, ಸಾಕು" ಎಂದರು.

ಅದೂ ಬಹಳ ದಿನ ಉಳಿಯಲಿಲ್ಲ. ಬಲಗಿವಿ ಸ್ವಲ್ಪ ಸ್ವಲ್ಪವಾಗಿ ಹೋಯಿತು. ಮೊದಲು ಏಕತಾರಿ ಹೋಯಿತು, ಆಮೇಲೆ ಆ ಉಸಿರು. ದನಿ ಇನ್ನೂ ಕೇಳುತ್ತಿದ್ದ ದಿನಗಳಲ್ಲಿ ಉಸಿರು ಕೇಳದಾದಾಗ ಅವರು ಅಡುಗೆ ಬಿಟ್ಟರು. ತಮ್ಮನ ಮನೆಯವರು ತಂದಿಟ್ಟ ತಟ್ಟೆ ಹಾಗೆಯೇ ಇರುತ್ತಿತ್ತು. ಕಿವಿಯ ಮಷೀನು ಹಾಕಿಸಿದೆವು. ಮಾತು ಹೇಗೋ ಕೇಳುತ್ತಿತ್ತು, ಹಾಡು ಮಾತ್ರ "ಡಬ್ಬ್ಯಾಗ ಹಳ್ಳು ಹಾಕಿ ಅಲ್ಲಾಡಿಸಿದಂಗ" ಎಂದು ತೆಗೆದಿಟ್ಟರು. ಕೊನೆಗೆ ಮಾತೂ ನಿಂತಿತು. ಬಾಗಿಲು ಬಡಿದರೆ ಗೊತ್ತಾಗುತ್ತಿರಲಿಲ್ಲ. ತಮ್ಮ ಒಂದು ಕೀಲಿಕೈ ಇಟ್ಟುಕೊಂಡಿದ್ದರು. ಕಣ್ಣು ಮುಚ್ಚಿ ಇಡೀ ಪರೀಕ್ಷಾ ಕೋಣೆಯನ್ನು ಕಾಯುತ್ತಿದ್ದವರು ಈಗ ಕಣ್ಣು ಮುಚ್ಚಲು ಹೆದರುತ್ತಿದ್ದರು. ಮುಚ್ಚಿದರೆ ಏನೂ ಉಳಿಯುವುದಿಲ್ಲ ಎನ್ನುತ್ತಿದ್ದರು. ಅವರ ಮಾತಿನ ಏರಿಳಿತವೂ ಹೋಗಿ, ಒಮ್ಮೊಮ್ಮೆ ಬೀದಿಗೆ ಕೇಳುವಷ್ಟು ಗಟ್ಟಿಯಾಗಿ, ಒಮ್ಮೊಮ್ಮೆ ಬರೀ ತುಟಿಯಲ್ಲಿ ಮಾತಾಡುತ್ತಿದ್ದರು.

ಒಂದು ಸಲ ನಾನು ಕಾಗಿನೆಲೆಗೆ ಹೋಗಿ ಬರುವಾಗ ಪ್ರಸಾದ ಕೊಡಲು ಅವರ ಮನೆಗೆ ಹೋದೆ. ಪ್ರಸಾದವನ್ನು ಕಣ್ಣಿಗೊತ್ತಿಕೊಳ್ಳದೆ ಕಿಟಕಿಯಲ್ಲಿಟ್ಟರು. ಆಮೇಲೆ ಕಪಾಟಿನಿಂದ ಹೆಡ್‌ಫೋನ್ ತಂದು ನನ್ನ ತಲೆಗೆ ಹಾಕಿದರು, ಸರಿಯಾದ ಕಡೆಗೆ, ಎಡಕ್ಕೆ ಎಡ, ಬಲಕ್ಕೆ ಬಲ. ಫೋನಿನಲ್ಲಿ ಹಾಡು ಹಚ್ಚಿ ನನ್ನ ಎದುರು ಕುರ್ಚಿ ಎಳೆದುಕೊಂಡು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುಳಿತರು. ನನ್ನ ಮುಖವನ್ನು ನೋಡತೊಡಗಿದರು.

"ಅಕಿ ಬಂದಾಗ ಕೈ ಎತ್ತು" ಎಂದರು, ಬಹಳ ಗಟ್ಟಿಯಾಗಿ.

ಬೀಸುಕಲ್ಲು ತಿರುಗಿತು. ಗಾಯಕಿ ಹಾಡಿದಳು. ನನ್ನ ಭುಜದ ಹಿಂದೆ ಆ ಹುಡುಗಿ ಉಸಿರೆಳೆದುಕೊಂಡಳು. ನಾನು ಕೈ ಎತ್ತಿದೆ.

ಟೀಚರ ಮುಖ ನನ್ನ ಮುಖದಲ್ಲಿ ಏನನ್ನೋ ಹುಡುಕುತ್ತಿತ್ತು. "ನಗಾಕತ್ತಾಳೇನು?"

ಹೌದೆಂದು ತಲೆಯಾಡಿಸಿದೆ.

"ಮುಂದ ಓಡಾಕತ್ತಾಳೇನು, ನಮ್ಮನ್ನೆಲ್ಲಾ ಬಿಟ್ಟು?"

ಮತ್ತೆ ತಲೆಯಾಡಿಸಿದೆ. ಸೊಲ್ಲು ಮುಗಿಯಿತು. ನಾನು ಕೈ ಇಳಿಸತೊಡಗಿದೆ. ಅವರು ಥಟ್ಟನೆ ಮುಂದೆ ಬಾಗಿ ನನ್ನ ಮಣಿಕಟ್ಟು ಹಿಡಿದರು.

"ಇಳಸಬ್ಯಾಡ" ಎಂದರು. "ಇಳಸಬ್ಯಾಡ."

ಕಿವಿಯಲ್ಲಿ ಹಾಡು ನಿಂತು ಹೋಯಿತು. ನಾನು ಕೈಯನ್ನು ಹಾಗೆಯೇ ಎತ್ತಿ ಹಿಡಿದು ಕುಳಿತೆ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು.